ತಕರಾರಿಗೊಂದು ಮನೆ

ಚುನಾವಣೆ ಹತ್ತಿರ ಬಂದಾಗ ಕನ್ನಡ ಪತ್ರಿಕೆಗಳಲ್ಲಿ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವ ಎರಡು ಮಾತುಗಳಿವೆ: ಪ್ರಬಲ ಜಾತಿ, ವೋಟ್ ಬ್ಯಾಂಕ್. ಟಿಕೆಟ್ ಹಂಚಿಕೆಯ ಸುದ್ದಿಯಲ್ಲಿ, ಟೀವಿಯ ಚರ್ಚೆಯಲ್ಲಿ, ಅರಳಿಕಟ್ಟೆಯ ಹರಟೆಯಲ್ಲಿ ಇವು ಎಂದಿನಿಂದಲೂ ನಮ್ಮವೇ ಎಂಬಂತೆ ಓಡಾಡುತ್ತವೆ. ಎರಡನ್ನೂ ಸಮಾಜಶಾಸ್ತ್ರದ ಬರಹಕ್ಕೆ ತಂದವರು 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಆ ಊರಿಗೆ ರಾಮಪುರ ಎಂಬ ಮರೆಹೆಸರಿಟ್ಟು ಅವರು ನಡೆಸಿದ ಕ್ಷೇತ್ರಕಾರ್ಯ ಈ ಮಾತುಗಳ ಹಿಂದಿದೆ. ಮೂರನೆಯ ಮಾತೊಂದಿದೆ, ಸಂಸ್ಕೃತೀಕರಣ. ಅದು ಅಷ್ಟು ಬೀದಿಗಿಳಿಯದಿದ್ದರೂ ಪದವಿ ತರಗತಿಯ ಪ್ರಶ್ನೆಪತ್ರಿಕೆಯನ್ನು ಎಂದೂ ಬಿಟ್ಟು ಹೋಗಿಲ್ಲ. ಮಾತುಗಳು ಹೀಗೆ ಊರೂರು ಸುತ್ತಿದವು. ಆದರೆ ಅವುಗಳ ಮೇಲೆ ವಿದ್ವಾಂಸರು ದಶಕಗಳ ಕಾಲ ನಡೆಸಿದ ತಕರಾರು ಅವುಗಳ ಜೊತೆಗೆ ನಮ್ಮೂರಿಗೆ ಬರಲಿಲ್ಲ. ಈ ಅಗಲಿಕೆಯಿಂದ ಆದ ನಷ್ಟವನ್ನು ನೆನೆಯುತ್ತ, ಒಂದು ದೇಶಕ್ಕೆ ಸಮಾಜ ವಿಜ್ಞಾನದ ವಿದ್ವತ್ ಸಂಘ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಬರಹದ ಉದ್ದೇಶ. ನನ್ನ ಉತ್ತರ ಇಷ್ಟು: ಹೊಸ ಸತ್ಯಗಳನ್ನು ಕಂಡುಹಿಡಿಯುವುದು ಒಬ್ಬೊಬ್ಬ ಸಂಶೋಧಕನ ಕೆಲಸ, ಕಂಡದ್ದರ ಮೇಲಿನ ತಕರಾರಿಗೆ ಒಂದು ಮನೆ ಕಟ್ಟಿ, ಅದು ಆರದಂತೆ ಕಾಯುವುದು ಸಂಘದ ಕೆಲಸ.

ಸಮಾಜಶಾಸ್ತ್ರವನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲೇ ಪಾಠ ಹೇಳಿದ ನಮ್ಮ ತಲೆಮಾರಿಗೆ ಈ ಶಾಸ್ತ್ರ ಸಿಕ್ಕಿದ್ದು ಮೂರು ಉಪಶೀರ್ಷಿಕೆಗಳ ರೂಪದಲ್ಲಿ: ವ್ಯಾಖ್ಯೆ, ಲಕ್ಷಣಗಳು, ಟೀಕೆಗಳು. ವ್ಯಾಖ್ಯೆಯನ್ನು ಬಾಯಿಪಾಠ ಮಾಡಬೇಕಿತ್ತು, ಲಕ್ಷಣಗಳನ್ನು ಅಂಕಿ ಹಾಕಿ ಬರೆಯಬೇಕಿತ್ತು. ಟೀಕೆಗಳಿಗೆ ಕೊನೆಯಲ್ಲಿ ನಾಲ್ಕು ಸಾಲು. ಟೀಕಿಸಿದವರು ಯಾರು, ಯಾವ ಊರಿನ ಸಾಕ್ಷ್ಯ ಹಿಡಿದು ಟೀಕಿಸಿದರು, ಮೊದಲು ಹೇಳಿದವರು ಆ ಮೇಲೆ ತಮ್ಮ ಮಾತನ್ನು ತಿದ್ದಿಕೊಂಡರೇ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ಈ ಶಾಸ್ತ್ರ ಜೀವಂತ ವಾದಗಳ ಸರಣಿ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದದ್ದು ಗ್ರಂಥಾಲಯದ ಕಪಾಟಿನಲ್ಲಿ 'ಸೋಷಿಯಲಾಜಿಕಲ್ ಬುಲೆಟಿನ್' ಸಂಚಿಕೆಗಳು ಸಿಕ್ಕಾಗ. ಒಂದು ಸಂಚಿಕೆಯಲ್ಲಿ ಒಬ್ಬರು ಹೇಳಿದ್ದನ್ನು ಮತ್ತೊಂದರಲ್ಲಿ ಇನ್ನೊಬ್ಬರು ಅಲ್ಲಗಳೆಯುವುದು, ಗುರುವಿನ ಮಾತನ್ನು ಶಿಷ್ಯ ಮರ್ಯಾದೆಯಿಂದಲೇ ಪ್ರಶ್ನಿಸುವುದು, ಪ್ರಶ್ನಿಸಿಕೊಂಡವರು ಉತ್ತರಿಸುವುದು ಅಲ್ಲಿ ಕಾಣುತ್ತಿತ್ತು. ಆ ಪತ್ರಿಕೆಯನ್ನು ಹೊರತರುತ್ತಿದ್ದದ್ದು ಯಾವ ಸರ್ಕಾರಿ ಇಲಾಖೆಯೂ ಅಲ್ಲ. ದೇಶದ ಉದ್ದಗಲದ ಮೇಷ್ಟರುಗಳು ಸದಸ್ಯರಾಗಿದ್ದ ಭಾರತೀಯ ಸಮಾಜಶಾಸ್ತ್ರ ಸಂಘ.

ಈ ಸಂಘ ಹುಟ್ಟಿದ ಕಾಲವನ್ನು ನೆನೆಯಬೇಕು. ಮುಂಬಯಿ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಅವರೊಡನೆ ಸಮಾಜಶಾಸ್ತ್ರ ವಿಭಾಗ ಶುರುವಾಯಿತು. 1924ರಲ್ಲಿ ಅದನ್ನು ವಹಿಸಿಕೊಂಡ ಜಿ.ಎಸ್. ಘುರ್ಯೆ ಒಂದು ಇಡೀ ತಲೆಮಾರಿನ ಸಂಶೋಧಕರನ್ನು ಬೆಳೆಸಿದರು. ಆದರೂ ವಿಭಾಗವೆಂಬುದು ಅದರ ಮುಖ್ಯಸ್ಥರ ಮನೆಯಿದ್ದಂತೆ. ಅಲ್ಲಿ ಯಾರಿಗೆ ಪ್ರವೇಶ, ಯಾವ ವಿಷಯಕ್ಕೆ ಮಣೆ ಎಂಬುದನ್ನು ಅವರೇ ನಿಶ್ಚಯಿಸುತ್ತಾರೆ. ಲಖನೌದಲ್ಲಿ ರಾಧಾಕಮಲ್ ಮುಖರ್ಜಿ ಮತ್ತು ಡಿ.ಪಿ. ಮುಖರ್ಜಿ ಬೇರೆಯದೇ ದಾರಿಯಲ್ಲಿ ಯೋಚಿಸುತ್ತಿದ್ದರು. ಮೈಸೂರಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಎ.ಆರ್. ವಾಡಿಯಾ ಸಾಮಾಜಿಕ ದರ್ಶನದ ಮೂಲಕ ಈ ಶಾಸ್ತ್ರದ ಬಾಗಿಲು ತೆರೆದಿದ್ದರು. ಶ್ರೀನಿವಾಸ್ ಒಳಗೆ ಬಂದದ್ದು ಆ ಬಾಗಿಲಿನಿಂದ. ಇಷ್ಟೂ ಮನೆಗಳಿಗೆ ಒಂದು ಸಾಮಾನ್ಯ ಅಂಗಳ ಇರಲಿಲ್ಲ. ಅರ್ಥಶಾಸ್ತ್ರಜ್ಞರು 1917ರಲ್ಲಿಯೇ, ರಾಜ್ಯಶಾಸ್ತ್ರಜ್ಞರು 1938ರಲ್ಲಿ ತಮ್ಮ ರಾಷ್ಟ್ರೀಯ ಸಂಘಗಳನ್ನು ಕಟ್ಟಿಕೊಂಡಿದ್ದರು. ಸಮಾಜಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1949ರಲ್ಲಿ, ಬ್ರಿಟಿಷರ ಸಂಘ 1951ರಲ್ಲಿ. ಅದೇ 1951ರಲ್ಲಿ ಘುರ್ಯೆಯವರ ನೇತೃತ್ವದಲ್ಲಿ ನಮ್ಮ ಸಂಘ ಮುಂಬಯಿಯಲ್ಲಿ ನೋಂದಣಿಯಾಯಿತು. ಮರುವರ್ಷ ಬುಲೆಟಿನ್ ಬಂತು. ಮೊದಲ ಪಂಚವಾರ್ಷಿಕ ಯೋಜನೆ ಶುರುವಾದದ್ದೂ 1951ರಲ್ಲೇ. ದೇಶ ಹಳ್ಳಿಗಳನ್ನು ಬದಲಿಸಲು ಹೊರಟಾಗ, ಹಳ್ಳಿ ಎಂದರೇನು ಎಂದು ಕೇಳುವವರು ಒಂದೆಡೆ ಸೇರಬೇಕೆನಿಸಿದ್ದು ಸಹಜ.

ಆದರೆ ಆ ಅಂಗಳ ಒಂದೇ ಸಲಕ್ಕೆ ಎಲ್ಲರದೂ ಆಗಲಿಲ್ಲ. ಘುರ್ಯೆ ಸುಮಾರು 15 ವರ್ಷ ಅಧ್ಯಕ್ಷರಾಗಿಯೇ ಉಳಿದರು. ಉತ್ತರದ ವಿದ್ವಾಂಸರು 1950ರ ದಶಕದ ನಡುವಿನಲ್ಲಿ ಅಖಿಲ ಭಾರತ ಸಮಾಜಶಾಸ್ತ್ರ ಸಮ್ಮೇಳನವೆಂಬ ಬೇರೆಯೇ ವೇದಿಕೆ ಕಟ್ಟಿದರು. ಡೆಹ್ರಾಡೂನಿನಲ್ಲಿ ಅದರ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದ ಡಿ.ಪಿ. ಮುಖರ್ಜಿ, ಭಾರತದ ಸಮಾಜಶಾಸ್ತ್ರಜ್ಞ ಮೊದಲು ಇಲ್ಲಿನ ಪರಂಪರೆಯನ್ನು ಒಳಗಿನಿಂದ ಅರಿತಿರಬೇಕೆಂದು ವಾದಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎರಡು ಸಂಘಟನೆಗಳು ಅಕ್ಕಪಕ್ಕ ನಡೆದು, 1967ರಲ್ಲಿ ಒಂದಾದವು. ಒಂದಾದ ಸಂಘಕ್ಕೆ ಶ್ರೀನಿವಾಸ್ ಅಧ್ಯಕ್ಷರಾದರು. ಪತ್ರಿಕೆ ಒಂದು ಕಡೆಯಿಂದ, ಸಮ್ಮೇಳನ ಇನ್ನೊಂದು ಕಡೆಯಿಂದ ಬಂದು ಕೂಡಿದ ಈ ಘಟನೆಗೆ ಸಂಸ್ಥೆಯ ಚರಿತ್ರೆಯನ್ನು ಮೀರಿದ ಮಹತ್ವವಿದೆ ಎಂದು ನಾನು ನಂಬುತ್ತೇನೆ. ಪತ್ರಿಕೆಯಲ್ಲಿ ವಾದ ನಿಧಾನವಾಗಿ, ಅಳೆದು ತೂಗಿ ನಡೆಯುತ್ತದೆ, ಸಮ್ಮೇಳನದಲ್ಲಿ ಮುಖಾಮುಖಿಯಾಗುತ್ತದೆ. ಬರೆಯುವ ಅಭ್ಯಾಸವಿಲ್ಲದ ತಾಲ್ಲೂಕು ಕಾಲೇಜಿನ ಅಧ್ಯಾಪಕರೂ ಅಲ್ಲಿ ಎದ್ದು ನಿಂತು, ನಮ್ಮ ಕಡೆ ಹೀಗಿಲ್ಲ ಎನ್ನಬಹುದು. ದೊಡ್ಡ ಸಿದ್ಧಾಂತಗಳು ಮುರಿಯುವುದು ಬಹಳ ಸಲ ಇಂಥ ನಾಲ್ಕು ಮಾತಿನಿಂದಲೇ. ಮಂಗಳೂರಿನಲ್ಲಿ, ಮೈಸೂರಿನಲ್ಲಿ ಅಧಿವೇಶನಗಳು ನಡೆದಾಗ ಆ ಅವಕಾಶ ನಮ್ಮ ಕಾಲೇಜುಗಳ ಮನೆಬಾಗಿಲಿಗೇ ಬಂದಿತ್ತು.

ತಕರಾರು ಒಂದು ವಿಚಾರಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಸಂಸ್ಕೃತೀಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕೊಡವರ ಧರ್ಮ ಮತ್ತು ಸಮಾಜದ ಮೇಲೆ 1952ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಶ್ರೀನಿವಾಸ್ ಈ ವಿಚಾರವನ್ನು ಮುಂದಿಟ್ಟರು: ಕೆಳಗಿನ ಜಾತಿಯೊಂದು ಮದ್ಯಮಾಂಸ ಬಿಟ್ಟು, ಮೇಲಿನವರ ಆಚಾರಗಳನ್ನು ಅಳವಡಿಸಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಕೇಳುತ್ತದೆ. ಮೊದಲಿಗೆ ಅವರ ಕಣ್ಣ ಮುಂದಿದ್ದ ಮಾದರಿ ಬ್ರಾಹ್ಮಣರದು. ಕ್ಷತ್ರಿಯರನ್ನು ಅನುಕರಿಸುವ ಜಾತಿಗಳಿಲ್ಲವೇ, ಊರಿನ ಜಮೀನುದಾರ ಜಾತಿಯೇ ಅಲ್ಲಿ ಮಾದರಿಯಾಗುವುದಿಲ್ಲವೇ ಎಂದು ಉಳಿದವರು ಕೇಳಿದರು. 1966ರ 'ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ' ಬರುವ ಹೊತ್ತಿಗೆ ಶ್ರೀನಿವಾಸ್, ಬ್ರಾಹ್ಮಣ ಮಾದರಿಗೆ ತಾವು ಹೆಚ್ಚು ಒತ್ತು ಕೊಟ್ಟದ್ದನ್ನು ಒಪ್ಪಿಕೊಂಡು, ಬೇರೆ ಮಾದರಿಗಳಿಗೂ ಜಾಗ ಮಾಡಿಕೊಟ್ಟರು. ಬ್ರಾಹ್ಮಣ್ಯವನ್ನು ವಿರೋಧಿಸಿ ಹುಟ್ಟಿದ ಲಿಂಗಾಯತ ಪರಂಪರೆಯೇ ಕರ್ನಾಟಕದ ಹಲವು ಜಾತಿಗಳ ಸಂಸ್ಕೃತೀಕರಣಕ್ಕೆ ಬಲವಾಯಿತು ಎಂದೂ ಬರೆದರು. ವಚನ ಚಳವಳಿಯನ್ನು ಬಲ್ಲ ಕನ್ನಡಿಗರು ಈ ಮಾತನ್ನು ತಕರಾರಿಲ್ಲದೆ ಒಪ್ಪುವಂತಿಲ್ಲ. ಲಿಂಗ ಕಟ್ಟಿಕೊಂಡವನು ಮೇಲೇರಲು ಹೊರಟನೋ, ಏಣಿಯನ್ನೇ ಕಿತ್ತೊಗೆಯಲು ಹೊರಟನೋ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಆ ಪ್ರಶ್ನೆ ಮುಚ್ಚಿಹೋಗಿ, ವ್ಯಾಖ್ಯೆಯೊಂದೇ ಉಳಿಯಿತು.

ಪ್ರಬಲ ಜಾತಿಯ ಕತೆಯೂ ಹೀಗೆಯೇ. ಸಂಖ್ಯೆ, ಭೂಮಿ, ರಾಜಕೀಯ ಬಲ, ಜೊತೆಗೆ ಊರಿನ ಶ್ರೇಣಿಯಲ್ಲಿ ತೀರಾ ಕೆಳಗಲ್ಲದ ಸ್ಥಾನ, ಇವೆಲ್ಲ ಕೂಡಿದರೆ ಒಂದು ಜಾತಿ ಪ್ರಬಲವಾಗುತ್ತದೆ ಎಂದರು ಶ್ರೀನಿವಾಸ್. ಮುಂದೆ ಇದೇ ಸಂಘದ ಅಧ್ಯಕ್ಷರಾದ ಎಸ್.ಸಿ. ದುಬೆ ಇದಕ್ಕೆ ಅಡ್ಡಬಂದರು. ಒಂದು ಜಾತಿಯ ಒಳಗೇ ಬಣಗಳಿರುತ್ತವೆ, ಬಡವರಿರುತ್ತಾರೆ. ಊರನ್ನು ಆಳುವುದು ಕೆಲವು ವ್ಯಕ್ತಿಗಳು, ಕೆಲವು ಮನೆತನಗಳು. ಇಡೀ ಜಾತಿಯನ್ನು ಪ್ರಬಲ ಎನ್ನುವುದು ಎಷ್ಟು ಸರಿ ಎಂಬುದು ಅವರ ಪ್ರಶ್ನೆ. ಟಿ.ಕೆ. ಉಮ್ಮನ್ ಅವರೂ ಆ ಪರಿಕಲ್ಪನೆಯ ಸಡಿಲ ಕೀಲುಗಳನ್ನು ತೋರಿಸಿದರು. ಈ ವಾದವನ್ನು ಬಲ್ಲವನು 'ಒಕ್ಕಲಿಗರು', 'ಲಿಂಗಾಯತರು' ಎಂದು ಒಂದೇ ಉಸಿರಿನಲ್ಲಿ ಹೇಳುವ ಮುನ್ನ ತಡೆಯುತ್ತಾನೆ. ಎರಡು ಎಕರೆ ಮಳೆಯಾಶ್ರಿತ ಹೊಲದ ರೈತನನ್ನೂ ಕಾಲೇಜು, ಕಾರ್ಖಾನೆಗಳ ಒಡೆಯನನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದಾಗ ಮರೆಯಾಗುವುದು ಏನೆಂದು ಅವನಿಗೆ ಗೊತ್ತಿರುತ್ತದೆ. ಅರಿಯದವನಿಗೆ ಆ ಪದ ಚುನಾವಣೆಯ ಲೆಕ್ಕಾಚಾರದ ಸಲಕರಣೆ ಮಾತ್ರ. ಇವೆಲ್ಲ ವಾದಗಳೂ ಬುಲೆಟಿನ್‌ನಲ್ಲೇ ನಡೆದವೆಂದು ನಾನು ಹೇಳುತ್ತಿಲ್ಲ. 'ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ'ಯಂಥ ಬೇರೆ ಪತ್ರಿಕೆಗಳಿಗೂ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಹಾಗೆ ವಾದಿಸುವವರೆಲ್ಲ ಒಂದೇ ವೃತ್ತಿಯ ಸಮಾನ ಸದಸ್ಯರು ಎಂಬ ಭಾವವನ್ನು ಕಟ್ಟಿದ್ದು ಸಂಘ. ಇಂದು ನಿಮ್ಮನ್ನು ಟೀಕಿಸಿದವನೇ ನಾಳೆ ನೀವು ಮತ ಹಾಕಿ ಆರಿಸುವ ಅಧ್ಯಕ್ಷನಾಗಬಹುದು ಎಂಬ ಏರ್ಪಾಡಿನಲ್ಲಿ ಟೀಕೆ ಹಗೆತನವಾಗಿ ಕೊಳೆಯುವುದಿಲ್ಲ.

ಇಂಥ ಮನೆಯಿಲ್ಲದೆ ಸಮಾಜದ ಲೆಕ್ಕ ಹಾಕಿದರೆ ಏನಾಗುತ್ತದೆ? ಮೈಸೂರು ರಾಜ್ಯವೇ ಇದಕ್ಕೆ ಸಾಕ್ಷಿ ಒದಗಿಸಿತು. ಹಿಂದುಳಿದ ವರ್ಗಗಳನ್ನು ಗುರುತಿಸಲು ನೇಮಕವಾದ ನಾಗನಗೌಡ ಸಮಿತಿ 1961ರಲ್ಲಿ ವರದಿ ಕೊಟ್ಟಿತು. ಅದು ಹಿಡಿದ ಅಳತೆಗೋಲು, ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬುದು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಎಂದು ಬಂತು. ಸರ್ಕಾರ ಅದನ್ನು 7ಕ್ಕೆ ಏರಿಸಿಕೊಂಡಿತು, 7.1 ಇದ್ದ ಲಿಂಗಾಯತರೂ ಹಿಂದುಳಿದವರ ಪಟ್ಟಿಯೊಳಗೆ ನಿಂತರು. 1962ರ ಆದೇಶದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ 68% ಸೀಟುಗಳು ಮೀಸಲಾದವು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಹೊಡೆದುಹಾಕಿತು. ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಮಾನದಂಡ ಮಾಡಲಾಗದು, ಸರಾಸರಿಯ ಆಸುಪಾಸಿನವರನ್ನು ಹಿಂದುಳಿದವರು ಎನ್ನಲಾಗದು, ಮೀಸಲಾತಿ ಸಾಮಾನ್ಯವಾಗಿ ಅರ್ಧವನ್ನು ಮೀರಬಾರದು ಎಂಬ ಮಾತುಗಳು ಅಲ್ಲಿಂದ ದೇಶಕ್ಕೆಲ್ಲ ಹರಡಿದವು. ಒಂದು ದಶಮಾಂಶ ಬಿಂದುವಿನ ಆಚೀಚೆ ಲಕ್ಷಾಂತರ ಮಕ್ಕಳ ಭವಿಷ್ಯ ನಿಂತಿತ್ತು. ಹೈಸ್ಕೂಲಿನ ಹಾಜರಿ ಒಂದೇ ಸಮುದಾಯದ ಸ್ಥಿತಿಯನ್ನು ತಿಳಿಸೀತೇ, ಸರಾಸರಿ ಎಂಬುದು ಒಳಗಿನ ಬಡವರನ್ನು ಹೇಗೆ ಮುಚ್ಚುತ್ತದೆ, ಭೂಮಿಯ ಲೆಕ್ಕ ಎಲ್ಲಿ, ಕುಲಕಸುಬಿನ ಲೆಕ್ಕ ಎಲ್ಲಿ ಎಂಬ ಪ್ರಶ್ನೆಗಳು ಶಾಸ್ತ್ರದವು. ಅವುಗಳ ವಿಚಾರಣೆ ಕೊನೆಗೆ ನಡೆದದ್ದು ನ್ಯಾಯಾಲಯದಲ್ಲಿ. ನ್ಯಾಯಾಧೀಶರು ತಮ್ಮ ಕೆಲಸ ಮಾಡಿದರು, ಅದರಲ್ಲಿ ತಪ್ಪಿಲ್ಲ. ಆದರೆ ನ್ಯಾಯಾಲಯ ಆದೇಶ ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ. ಅಳತೆಗೋಲನ್ನು ಹೇಗೆ ತಿದ್ದಬೇಕೆಂದು ಹೇಳಿಕೊಡುವುದು ಅದರ ಕೆಲಸವಲ್ಲ. ವಿದ್ವಾಂಸರ ಒರೆಗಲ್ಲಿಗೆ ಮೊದಲೇ ತಾಗಿದ್ದ ಅಳತೆಗೋಲಾಗಿದ್ದರೆ, ಆ ಆದೇಶ ಇಷ್ಟು ಸುಲಭವಾಗಿ ಬೀಳುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಅರವತ್ತು ವರ್ಷ ಕಳೆದ ಮೇಲೂ ನಾವು ಈ ಪಾಠ ಕಲಿತಿಲ್ಲ. 2015ರಲ್ಲಿ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರಲ್ಲಿ. 2025ರಲ್ಲಿ ಮತ್ತೊಂದು ಸಮೀಕ್ಷೆ ನಡೆಯಿತು. ಈ ನಡುವೆ ಸೋರಿಕೆಯಾಗಿ ಬಂದ ಅಂಕಿಗಳ ಮೇಲೆ ಮಠಗಳು ಮಾತಾಡಿದವು, ಪಕ್ಷಗಳು ಮಾತಾಡಿದವು, ಜಾತಿ ಸಂಘಗಳು ಬೀದಿಗಿಳಿದವು. ಪ್ರಶ್ನಾವಳಿ ಹೇಗಿತ್ತು, ಉಪಜಾತಿಗಳನ್ನು ಬರೆದುಕೊಂಡ ಕ್ರಮ ಯಾವುದು, ಬಿಟ್ಟುಹೋದ ಮನೆಗಳನ್ನು ಹೇಗೆ ಲೆಕ್ಕಕ್ಕೆ ತಂದರು ಎಂಬ ಶಾಂತವಾದ ವಿಚಾರಣೆ ಆ ಗದ್ದಲದಲ್ಲಿ ಕೇಳಿಸಲಿಲ್ಲ. ಇಂಥಲ್ಲಿ ರಾಷ್ಟ್ರೀಯ ಸಂಘವೊಂದು ಮೀಸಲಾತಿಯ ಪರವಾಗಿಯೋ ವಿರುದ್ಧವಾಗಿಯೋ ಠರಾವು ಹೊರಡಿಸಬೇಕೆಂದು ನಾನು ಬಯಸುವುದಿಲ್ಲ. 1990ರಲ್ಲಿ ಮಂಡಲ್ ವರದಿಯ ಕಾಲಕ್ಕೆ ಸಮಾಜಶಾಸ್ತ್ರಜ್ಞರೇ ಎರಡು ಪಾಲಾಗಿದ್ದರು. ಹಾಗೆ ಭಿನ್ನಮತ ಹೊಂದುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಸಂಘ ಹೇಳಬಹುದಾದದ್ದು, ಹೇಳಲೇಬೇಕಾದದ್ದು ಬೇರೆ: ಈ ಎಣಿಕೆ ಯಾವ ಕ್ರಮದಿಂದ ನಡೆಯಿತು, ಅದರಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು. ಪಂಚಾಯ್ತಿಯಲ್ಲಿ ತೀರ್ಪು ಕೊಡುವವರು ಬೇರೆ, ತಕ್ಕಡಿ ಸರಿಯಿದೆಯೇ ಎಂದು ನೋಡುವವರು ಬೇರೆ. ತಕ್ಕಡಿ ನೋಡುವವರೇ ಇಲ್ಲದ ಊರಿನಲ್ಲಿ ಯಾವ ತೀರ್ಪಿಗೂ ನೆಮ್ಮದಿಯಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನ ಮಂಡಳಿ ಇದೆ, ವಿಶ್ವವಿದ್ಯಾಲಯಗಳಿವೆ, ಸಂಶೋಧನ ಸಂಸ್ಥೆಗಳಿವೆ. ಚಂದಾ ಹಣದಲ್ಲಿ ನಡೆಯುವ ಸಂಘ ಇನ್ನೇನು ಹೆಚ್ಚಿನದನ್ನು ಮಾಡೀತು? ಮಂಡಳಿಯ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳಲಾರೆ. 1969ರಲ್ಲಿ ಡಿ.ಆರ್. ಗಾಡ್ಗೀಳ್ ಅಧ್ಯಕ್ಷತೆಯಲ್ಲಿ, ಜೆ.ಪಿ. ನಾಯಕ್ ಸದಸ್ಯ-ಕಾರ್ಯದರ್ಶಿಯಾಗಿ ಅದು ಆರಂಭವಾದಾಗ ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದವರು ವಿ.ಕೆ.ಆರ್.ವಿ. ರಾವ್. ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ಶ್ರೀನಿವಾಸ್ ದೆಹಲಿ ಬಿಟ್ಟು ಅಲ್ಲಿಗೆ ಬಂದರು. ನಾಗರಭಾವಿಯ ಆ ಸಂಸ್ಥೆ ಕರ್ನಾಟಕದ ಬಗ್ಗೆ ನಾವು ತಿಳಿದಿರುವ ಎಷ್ಟೋ ಸಂಗತಿಗಳ ಮೂಲ. ಆದರೂ ಮಂಡಳಿಗೂ ಸಂಘಕ್ಕೂ ಇರುವ ವ್ಯತ್ಯಾಸ ಮೂಲಭೂತವಾದದ್ದು. ಮಂಡಳಿಯ ಮುಖ್ಯಸ್ಥರನ್ನು ಸರ್ಕಾರ ನೇಮಿಸುತ್ತದೆ, ಸಂಘದ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಮಂಡಳಿ ಹಣ ಹಂಚುವಾಗ ಯಾವ ವಿಷಯ ಮುಖ್ಯ, ಯಾವುದು ಕಾಯಬಹುದು ಎಂದು ತೀರ್ಮಾನಿಸಬೇಕಾಗುತ್ತದೆ. ಸರ್ಕಾರಕ್ಕೆ ಹಿತವಲ್ಲದ ಪ್ರಶ್ನೆ ಅಲ್ಲಿ ಹಿಂದಿನ ಸಾಲಿಗೆ ಸರಿಯುವುದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಸಂಘದ ಸಮ್ಮೇಳನಗಳಿಗೂ ಮಂಡಳಿಯ ನೆರವು ಬೇಕಾಗುತ್ತದೆ ಎಂಬುದು ನಿಜ. ಅದಕ್ಕೇ ಸದಸ್ಯರ ಚಂದಾ ಸಣ್ಣದಾದರೂ ದೊಡ್ಡ ಸಂಗತಿ ಎನ್ನುತ್ತೇನೆ. ಯಾರದೂ ಋಣವಿಲ್ಲದೆ ಒಂದು ಪ್ರಶ್ನೆ ಕೇಳಲು ಬೇಕಾದ ಬಂಡವಾಳ ಅದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು, ನ್ಯಾಯವಾದದ್ದು. ಸಮಾನರ ಅಂಗಳ ಎನ್ನುತ್ತೀರಿ, ಆ ಸಮಾನರು ಯಾರು? ಬಹಳ ಕಾಲ ಅವರು ಮೇಲ್ಜಾತಿಯ, ಮಹಾನಗರದ, ಇಂಗ್ಲಿಷಿನ ಗಂಡಸರು. ಅಂಬೇಡ್ಕರ್ 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೋಷ್ಠಿಯಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿ, ಒಳಗೊಳಗೇ ಮದುವೆಯಾಗುವುದೇ ಜಾತಿಯ ತಿರುಳು, ಹೆಣ್ಣಿನ ಮೇಲಿನ ಕಟ್ಟುಪಾಡುಗಳೆಲ್ಲ ಅದನ್ನು ಕಾಯಲು ಹುಟ್ಟಿದವು ಎಂದು ತೋರಿಸಿದ್ದರು. ಘುರ್ಯೆಯವರ ಜಾತಿ ಕುರಿತ ಗ್ರಂಥ ಬಂದದ್ದು 1932ರಲ್ಲಿ. ಆದರೆ ನಮ್ಮ ಪಠ್ಯಕ್ರಮಗಳಲ್ಲಿ ಘುರ್ಯೆಯವರ ಆರು ಲಕ್ಷಣಗಳು ದಶಕಗಳ ಕಾಲ ಕಡ್ಡಾಯ ಪಾಠವಾಗಿದ್ದವು. ಅಂಬೇಡ್ಕರ್ ಸಮಾಜಶಾಸ್ತ್ರಜ್ಞರೆಂದು ಬಾಗಿಲೊಳಗೆ ಬಂದದ್ದು ಬಹಳ ತಡವಾಗಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಿ. ಪಾರ್ವತಮ್ಮ ದಲಿತರ ಬದುಕಿನೊಳಗಿನಿಂದ, ಹೆಣ್ಣಾಗಿ, ಗ್ರಾಮ ರಾಜಕಾರಣವನ್ನು ನೋಡಿ ಬರೆದದ್ದಕ್ಕೆ ಸಲ್ಲಬೇಕಾದಷ್ಟು ಚರ್ಚೆ ಸಂದಿಲ್ಲ. ಈ ಲೋಪವನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಹೊರಡುವ ತೀರ್ಮಾನ ಸಂಘ ಬೇಡ ಎಂಬುದಲ್ಲ. ಬಾಗಿಲು ಕಿರಿದಾಗಿದ್ದರೆ ಅಗಲ ಮಾಡಬೇಕು. ಕೆಲವರಿಗಷ್ಟೇ ಸೇರಿದ್ದ ಅಧ್ಯಕ್ಷ ಪೀಠ 1967ರ ನಂತರ ಚುನಾವಣೆಗೆ ತೆರೆದುಕೊಂಡಿತು. ಈಚಿನ ದಶಕದಲ್ಲಿ ಮೈಸೂರಿನ ಆರ್. ಇಂದಿರಾ ಅವರು ಆ ಪೀಠದಲ್ಲಿ ಕೂತರು. ಇಪ್ಪತ್ತಕ್ಕೂ ಹೆಚ್ಚು ಸಂಶೋಧನ ಸಮಿತಿಗಳು ಇಂದು ಸಂಘದೊಳಗೆ ಬೇರೆ ಬೇರೆ ವಿಷಯಗಳಿಗೆ ಜಾಗ ಮಾಡಿಕೊಟ್ಟಿವೆ. ಹೊರಗಿಟ್ಟದ್ದನ್ನು ಪ್ರಶ್ನಿಸಲು ಒಂದು ಸಂವಿಧಾನ, ಒಂದು ಮತಪತ್ರ, ಒಂದು ಪತ್ರಿಕೆ ಇರುವುದು ಸಂಘದಲ್ಲಿ. ಖಾಸಗಿ ಗುರುಪೀಠಗಳಲ್ಲಿ ಇವು ಯಾವುವೂ ಇರುವುದಿಲ್ಲ.

ಮೂರನೆಯ ಆಕ್ಷೇಪ ನಮ್ಮ ಕಾಲೇಜುಗಳಲ್ಲಿ ದಿನವೂ ಕೇಳುವಂಥದ್ದು: ಸಮ್ಮೇಳನಗಳು ಸರ್ಟಿಫಿಕೇಟಿನ ಜಾತ್ರೆಗಳಾಗಿವೆ. 2010ರ ಯುಜಿಸಿ ನಿಯಮಗಳು ಬಡ್ತಿಗೆ ಅಂಕಗಳನ್ನು ಗೊತ್ತುಮಾಡಿ, ಪ್ರಬಂಧ ಮಂಡನೆಗೂ ಪ್ರಕಟಣೆಗೂ ಬೆಲೆ ಕಟ್ಟಿದ ಮೇಲೆ ಈ ನೋವು ಹೆಚ್ಚಾಯಿತು. ಹತ್ತು ನಿಮಿಷದಲ್ಲಿ ಓದಿ ಮುಗಿಸಿ, ಪ್ರಶ್ನೆಗೆ ನಿಲ್ಲದೆ ಬಸ್ಸು ಹತ್ತುವ ಅಭ್ಯಾಸ ಬೆಳೆಯಿತು. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಇದು ಸುಳ್ಳಲ್ಲ. ಆದರೆ ಈ ರೋಗಕ್ಕೆ ಮದ್ದು ಸಂಘದ ಹಳೆಯ ಶಿಸ್ತಿನಲ್ಲೇ ಇದೆ. ಲೇಖಕರ ಹೆಸರು ಮರೆಮಾಡಿ ಬೇರೆ ವಿದ್ವಾಂಸರಿಂದ ಪರಿಶೀಲನೆ ಮಾಡಿಸುವ ಪತ್ರಿಕೆಯೊಂದು 1952ರಿಂದ ಬರುತ್ತಿದೆ ಎಂದರೆ, ಯಾವುದು ಕಾಳು, ಯಾವುದು ಜೊಳ್ಳು ಎಂದು ಹೋಲಿಸಿ ನೋಡಲು ನಮಗೊಂದು ಮೊರ ಉಳಿದಿದೆ ಎಂದರ್ಥ. 1986ರಲ್ಲಿ ಸಮಾಜಶಾಸ್ತ್ರದ ಜಾಗತಿಕ ಮಹಾಸಮ್ಮೇಳನ ಏಷ್ಯಾದಲ್ಲಿ ಮೊದಲ ಬಾರಿಗೆ ನಡೆದದ್ದು ದೆಹಲಿಯಲ್ಲಿ. ಮುಂದೆ 1990ರಿಂದ 1994ರವರೆಗೆ ಉಮ್ಮನ್ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷರಾದರು. ಆ ಮನ್ನಣೆ ಅಂಕಪಟ್ಟಿಯಿಂದ ಬಂದದ್ದಲ್ಲ. ದಶಕಗಳ ಕಾಲ ತಮ್ಮವರ ಎದುರು ನಿಂತು ಉತ್ತರ ಕೊಟ್ಟು ರೂಢಿಯಿದ್ದ ಸಮುದಾಯಕ್ಕೆ ಅದು ಸಂದಿತು.

ಉಳಿದಿರುವುದು ಭಾಷೆಯ ಪ್ರಶ್ನೆ, ನನಗೆ ಇದೇ ಎಲ್ಲಕ್ಕಿಂತ ಹತ್ತಿರದ್ದು. ಸಂಘದ ವಾದಗಳೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಶ್ರೀನಿವಾಸ್ ಅವರ ಕೊಡಗು ಮತ್ತು ರಾಮಪುರ, ಧಾರವಾಡದಲ್ಲಿ ಕೆಲಸ ಮಾಡಿದ ಕೆ. ಈಶ್ವರನ್ ಅವರ ಶಿವಾಪುರ, ಈ ಎಲ್ಲ ನಮ್ಮ ನೆಲದ ಜನ ಕನ್ನಡದಲ್ಲಿ, ಕೊಡವ ಭಾಷೆಯಲ್ಲಿ ಹೇಳಿದ್ದು ಇಂಗ್ಲಿಷಿಗೆ ಹೋಗಿ ಶಾಸ್ತ್ರವಾಯಿತು; ಹೇಳಿದವರಿಗೆ ಮರಳಿ ತಲುಪಲಿಲ್ಲ. ಈಚೆಗೆ ಸಂಘ ಹಿಂದಿಯಲ್ಲೂ ಒಂದು ಪತ್ರಿಕೆ ತಂದಿತು. ಅದು ಒಳ್ಳೆಯ ಹೆಜ್ಜೆ, ಆದರೆ ಸಮಾಜಶಾಸ್ತ್ರ ಕಲಿಯುವ ಮಕ್ಕಳು ಹಿಂದಿ ನಾಡಿನಲ್ಲಿ ಮಾತ್ರ ಇಲ್ಲ. ಕನ್ನಡದಲ್ಲಿ ಬರೆದರೆ ಗುಣಮಟ್ಟ ಇಳಿಯುತ್ತದೆ, ಹೊರಗಿನವರು ಓದುವುದಿಲ್ಲ ಎಂಬ ವಾದವಿದೆ. ಹೊರಗಿನವರು ಓದಲೆಂದು ಇಂಗ್ಲಿಷ್ ಇರಲಿ. ಯಾರ ಬಗ್ಗೆ ಬರೆದೆವೋ ಅವರು ಓದಿ ಇಲ್ಲ ಎನ್ನುವ ಅವಕಾಶವೇ ಇರದಿದ್ದರೆ, ಆ ಬರಹ ಅತಿ ದೊಡ್ಡ ಪರೀಕ್ಷೆಯಿಂದ ತಪ್ಪಿಸಿಕೊಂಡಂತೆ. ತಕರಾರು ಮಾಡಲು ಅತ್ಯಂತ ಹೆಚ್ಚು ಹಕ್ಕುಳ್ಳವನು ಆ ಊರಿನವನೇ. ಅವನ ಭಾಷೆಯಲ್ಲಿ ತಕರಾರಿಗೆ ಮನೆಯಿಲ್ಲದಿರುವವರೆಗೆ ನಮ್ಮ ಸಮಾಜಶಾಸ್ತ್ರ ಅರ್ಧ ಕಟ್ಟಿದ ಗೋಡೆ.

ಶ್ರೀನಿವಾಸ್ ಅವರ ರಾಮಪುರದ ಟಿಪ್ಪಣಿಗಳು 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂತು. ನೆನಪನ್ನು ಸಾಕ್ಷ್ಯವೆಂದು ಒಪ್ಪಬಹುದೇ, ಒಬ್ಬ ಬ್ರಾಹ್ಮಣ ಸಂಶೋಧಕ ಯಾರ ಜಗಲಿಯಿಂದ ಊರನ್ನು ಕಂಡ, ದಲಿತ ಕೇರಿ ಅವನ ನೆನಪಿನಲ್ಲಿ ಎಷ್ಟಿದೆ ಎಂಬ ಪ್ರಶ್ನೆಗಳು ಆ ಪುಸ್ತಕವನ್ನು ಓದುವ ಯಾರಿಗಾದರೂ ಏಳುತ್ತವೆ. ಪುಸ್ತಕ ಬಂದ ಎರಡೇ ವರ್ಷದಲ್ಲಿ ಹಲವು ವಿದ್ವಾಂಸರು ಸೇರಿ ಅದನ್ನು ಒಂದು ಇಡೀ ವಿಚಾರಗೋಷ್ಠಿಗೆ ಗುರಿಮಾಡಿದರು. ನೆನಪು ಎಷ್ಟೇ ಪ್ರಾಮಾಣಿಕವಾಗಿರಲಿ, ಇನ್ನೊಬ್ಬರ ಪ್ರಶ್ನೆ ತಾಗಿದ ಮೇಲೆಯೇ ಅದು ಎಲ್ಲರ ತಿಳಿವಳಿಕೆಯಾಗುತ್ತದೆ. ಒಂದು ವೃತ್ತಿಯ ಇಷ್ಟು ವರ್ಷಗಳ ಅನುಭವವನ್ನು ಹಿಂತಿರುಗಿ ನೋಡಿದಾಗ ನನಗೆ ಸ್ಥಿರವಾಗಿ ಕಾಣುವ ಸತ್ಯ ಇದೊಂದೇ.

ಆದ್ದರಿಂದ ಕನ್ನಡದ ಸಮಾಜಶಾಸ್ತ್ರ ಅಧ್ಯಾಪಕರಲ್ಲಿ ನನ್ನ ಕೋರಿಕೆ ನಾಲ್ಕು. ರಾಷ್ಟ್ರೀಯ ಸಂಘದ ಸದಸ್ಯರಾಗಿ, ಮತ ಹಾಕಿ, ಅದರ ಅಂಗಳದಲ್ಲಿ ನಿಮ್ಮ ತಾಲ್ಲೂಕಿನ ಸಾಕ್ಷ್ಯ ಹಿಡಿದು ನಿಲ್ಲಿ. ಅಲ್ಲಿ ನಡೆಯುವ ವಾದಗಳನ್ನು ವರ್ಷಕ್ಕೊಮ್ಮೆಯಾದರೂ ಕನ್ನಡಕ್ಕೆ ತನ್ನಿ. ವಿದ್ಯಾರ್ಥಿಗಳಿಗೆ ವ್ಯಾಖ್ಯೆಗಿಂತ ಮೊದಲು ಟೀಕೆಯನ್ನು ಓದಿಸಿ. ಸರ್ಕಾರ ಮುಂದಿನ ಸಮೀಕ್ಷೆಯ ಅಂಕಿಗಳನ್ನು ಪ್ರಕಟಿಸಿದಾಗ, ನಿಮ್ಮ ಜಾತಿಯ ಸಂಖ್ಯೆ ಎಷ್ಟೆಂದು ನೋಡುವ ಮುನ್ನ ಪ್ರಶ್ನಾವಳಿಯನ್ನು ಕೇಳಿ ತರಿಸಿಕೊಳ್ಳಿ.